ಗೇರ್‌ಬಾಕ್ಸಿನ ಮೀಟರೂ ನಿನ್ನ ಮೂಗೂ

ಸೊಸೆಗೆ,

ನಾನು ಬರುವವರೆಗೆ ವ್ಯಾನನ್ನು ಸ್ಟಾರ್ಟ್ ಮಾಡಬೇಡ. ಗೇರ್‌ಬಾಕ್ಸಿನ ಎಣ್ಣೆ ಅರ್ಧ ಲೀಟರ್ ಕಡಿಮೆಯಿದೆ. ತರಲು ಅಂಗಡಿಗೆ ಹೋಗಿದ್ದೇನೆ.

ಕಳೆದ ವಾರ ನೀನು, “ಮಾವಾ, ಏರು ಹತ್ತುವಾಗ ಏನೋ ಸುಟ್ಟ ವಾಸನೆ ಬರುತ್ತೆ” ಎಂದೆ. ನಾನು, “ಎಣ್ಣೆಯ ಬಿಸಿ ಎಂಬತ್ತೇ ಡಿಗ್ರಿ ಅಂತ ಹೊಸ ಮೀಟರ್ ತೋರಿಸ್ತಿದೆ, ವಾಸನೆ ನಿನ್ನ ಮೂಗಲ್ಲೇ ಇರ್ಬೇಕು” ಎಂದು ಬಾಯಿ ಮುಚ್ಚಿಸಿದೆ. ಆ ಮೀಟರನ್ನು ಆರಿಸಿದವನೂ ಕೂರಿಸಿದವನೂ ನಾನೇ. ಇಂದು ಬೆಳಿಗ್ಗೆ ವ್ಯಾನಿನಡಿ ಮಲಗಿ ನೋಡಿದೆ. ಎಣ್ಣೆ ತಣ್ಣಗಾಗಿ ಹಿಂದಿರುಗುವ ಕೊಳವೆಗೆ ಮೀಟರಿನ ಸೆನ್ಸರನ್ನು ಜೋಡಿಸಿದ್ದೆ; ಅದಕ್ಕೇ ಅದು ಎಂಬತ್ತು ದಾಟುತ್ತಿರಲಿಲ್ಲ. ಈಗ ಬಿಸಿ ಎಣ್ಣೆ ಹೊರಬರುವ ಕೊಳವೆಗೆ ಬದಲಿಸಿದ್ದೇನೆ.

ವ್ಯಾನಿನಡಿ ಹಾಸಿರುವ ಪತ್ರಿಕೆಯನ್ನು ತೆಗೆಯಬೇಡ. ಅದರ ಮೇಲೆ ಗೇರ್‌ಬಾಕ್ಸಿನ ಎಣ್ಣೆಯ ಒಂದೇ ಒಂದು ಕೆಂಪು ಹನಿ ಬಿದ್ದಿದ್ದರೂ ಇಂದು ಹೊರಡುವಂತಿಲ್ಲ. ಗಿರಾಕಿಗಳಿಗೆ ನಾನೇ ಫೋನ್ ಮಾಡುತ್ತೇನೆ.

ಹೊರಟರೆ, ಮೀಟರಿನ ಮುಳ್ಳು ನೂರಹತ್ತು ಮುಟ್ಟಿದೊಡನೆ ವ್ಯಾನನ್ನು ಬದಿಗೆ ನಿಲ್ಲಿಸು. ಎಣ್ಣೆ ಹರಿಯುತ್ತಾ ತಣಿಯಲೆಂದು ಎಂಜಿನ್ ಬಂದ್ ಮಾಡದೆ, ತೊಂಬತ್ತಕ್ಕೆ ಇಳಿಯುವವರೆಗೆ ಕಾಯಬೇಕು. ಮುಳ್ಳು ಕೆಳಗಿದ್ದೂ ವಾಸನೆ ಬಂದರೆ ಮೂಗನ್ನೇ ನಂಬು.

ಹಂತಗಳನ್ನು ಬರೆಯದ ಉತ್ತರಕ್ಕೆ ನಲವತ್ತು ವರ್ಷ ಲೆಕ್ಕದ ಮೇಷ್ಟ್ರಾಗಿ ನಾನು ಅಂಕ ಕೊಟ್ಟವನಲ್ಲ. ನಿನ್ನ ಮೂಗಿಗೆ ಪೂರ್ಣ ಅಂಕ ಕೊಟ್ಟಿದ್ದೇನೆ.

ಮಾವ