ಹೊಗೆ ಮುಂದೆ, ಟೀ ಹಿಂದೆ

ಬಾಟಲಿ ತೊಳೆಯುವ ಕೋಣೆ,
ಮಾರ್ಚ್ ೧೧, ಮಂಗಳವಾರ, ಮಧ್ಯಾಹ್ನ ಎರಡೂವರೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯೇ? ಕೆಮ್ಮು ಹೋಯಿತಾ? ದಿನಕ್ಕೆ ನೂರಿಪ್ಪತ್ತು ಬಟ್ಟಲು ಟೀ ಸುರ್ರನೆ ಹೀರಿ ಉಗುಳುವ ಉದ್ಯೋಗದಲ್ಲಿ ನಿನ್ನ ನಾಲಿಗೆ ಇನ್ನೂ ನಿನ್ನ ಬಾಯಲ್ಲೇ ಇದೆಯಾ, ಇಲ್ಲ ಕಂಪನಿಯವರು ಸಂಜೆ ಬೀರುವಿನಲ್ಲಿಟ್ಟು ಬೀಗ ಹಾಕಿಕೊಳ್ಳುತ್ತಾರಾ? ನಾನು ಕ್ಷೇಮ. ಅಮ್ಮನ ಮೊಣಕಾಲು ಕ್ಷೇಮ, ಎಡಗಡೆಯದು ಮಾತ್ರ. ಬಲಗಡೆಯದು ಮೆಟ್ಟಿಲು ಕಂಡರೆ ಗೊಣಗುತ್ತದೆ. ಬೆಕ್ಕು ಕ್ಷೇಮ; ಮಾಲ್ಟ್ ಮೂಟೆಗಳ ಮೇಲೆ ಮಲಗಿಕೊಂಡು ಇಲಿಗಳ ಜೊತೆ ಶಾಂತಿ ಒಪ್ಪಂದ ಮಾಡಿಕೊಂಡಿದೆ. ಅಪ್ಪನ ವಿಷಯಕ್ಕೆ ಆಮೇಲೆ ಬರುತ್ತೇನೆ. ಆ ವಿಷಯಕ್ಕೆ ಬರೋದಕ್ಕೇ ಈ ಕಾಗದ. ನೇರವಾಗಿ ಬರೋಕೆ ಧೈರ್ಯ ಸಾಲದೆ ಮೊಣಕಾಲು, ಬೆಕ್ಕು ಅಂತ ಸುತ್ತು ಹಾಕುತ್ತಿದ್ದೇನೆ. ಫೋನಲ್ಲೇ ಹೇಳೋಣ ಅಂದರೆ ನನ್ನ ದನಿ ಕೇಳಿದ ಕೂಡಲೇ ನೀನು ‘ನಗಿಸಬೇಡ್ವೇ, ಬಾಯಲ್ಲಿ ಟೀ ಇದೆ’ ಅಂತ ಇಟ್ಟುಬಿಡುತ್ತೀಯ.

ಮೊದಲಿಗೆ, ಸದರಿ ಕುಟುಂಬದ ಹಿರಿಯ ಮಗಳಾದ ತಮಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ತಾವು ಎರಡು ತಿಂಗಳ ಹಿಂದೆ ಒಂದೇ ಒಂದು ಅಕ್ಷರವನ್ನೂ ಜೊತೆಗಿಡದೆ ಕಳಿಸಿದ ಹೊಗೆ ಹಾಕಿದ ಟೀ, ಎಂಟು ಕಿಲೋ, ಈಗ ಟೀ ಆಗಿ ಉಳಿದಿಲ್ಲ. ಅಪ್ಪ ಅದನ್ನು ನಮ್ಮ ಲಾಗರ್ ಬಿಯರಿಗೆ ಹಾಕಿದ್ದಾರೆ. ಹೌದು ಕಣೇ, ಅದೇ ಅಪ್ಪ. ನೀನು ಟೀ ಕಂಪನಿ ಸೇರುತ್ತೇನೆ ಅಂದಾಗ ‘ಇಪ್ಪತ್ತು ವರ್ಷ ನಾನು ತಿದ್ದಿ ತೀಡಿದ ಮೂಗನ್ನ ತಗೊಂಡು ಹೋಗಿ ಎಲೆ ಬೇಯಿಸಿದ ನೀರಿಗೆ ಹಾಕ್ತೀಯಾ’ ಅಂತ ಕೂಗಾಡಿದವರು. ‘ಎಲ್ಲಾ ನಿಮ್ಮ ಮೂಗಿನ ನೇರಕ್ಕೇ ಆಗಬೇಕಾ’ ಅಂತ ನೀನು ಬಾಗಿಲು ಬಡಿದು ಹೋದ ಮೇಲೆ, ಈ ಮನೆಯೊಳಗೆ ಟೀ ಪುಡಿ ಕಾಲಿಡಬಾರದು ಅಂತ ಕಾಯಿದೆ ಹೊರಡಿಸಿದವರು. (ಅಮ್ಮ ಎರಡು ವರ್ಷದಿಂದ ಹಿಟ್ಟಿನ ಡಬ್ಬದಲ್ಲಿ ಬಚ್ಚಿಟ್ಟುಕೊಂಡು ಕುಡಿಯುತ್ತಿದ್ದಾಳೆ ಅನ್ನೋದು ಬೇರೆ ಮಾತು. ಅವಳ ಟೀ ಮೇಲೆ ಯಾವಾಗಲೂ ಒಂದಿಷ್ಟು ಹಿಟ್ಟು ತೇಲುತ್ತಿರುತ್ತೆ.) ಅಂಥ ಅಪ್ಪ ನಿನ್ನ ಪೊಟ್ಟಣ ಬಂದ ಮಾರನೇ ದಿನವೇ ಅರ್ಧ ಬಾರ್ಲಿಗೆ ಕಟ್ಟಿಗೆ ಹೊಗೆ ಕೊಟ್ಟು ಲಾಗರ್ ಇಟ್ಟರು. ಅದು ತಿಳಿಯಾದ ಮೇಲೆ ನಿನ್ನ ಟೀಯನ್ನು ತೆಳು ಬಟ್ಟೆಯ ಚೀಲಗಳಲ್ಲಿ ಕಟ್ಟಿ ತಣ್ಣನೆ ಟ್ಯಾಂಕಿನೊಳಗೆ ಇಳಿಬಿಟ್ಟರು. ಟ್ಯಾಂಕಿನ ಮೇಲೆ ಸೀಮೆಸುಣ್ಣದಲ್ಲಿ ‘ದೊಡ್ಡೋಳು’ ಅಂತ ಬರೆದಿದ್ದಾರೆ. ನಾನು ಇಲ್ಲೇ ಇದ್ದೀನಿ, ದಿನಾ ಮುನ್ನೂರು ಬಾಟಲಿ ತೊಳೀತೀನಿ, ನನ್ನ ಹೆಸರಲ್ಲಿ ಒಂದು ಬಕೆಟ್ಟೂ ಇಲ್ಲ. ಇರಲಿ.

ಈಗ ನನ್ನ ಅಪರಾಧಕ್ಕೆ ಬರುತ್ತೇನೆ. ಹೋದ ಗುರುವಾರ ದೊಡ್ಡೋಳನ್ನು ಮೊದಲ ಸಲ ಟ್ಯಾಂಕಿನಿಂದ ಇಳಿಸಿ ರುಚಿ ನೋಡುವ ದಿನ. ನಮ್ಮ ಪದ್ಧತಿ ನಿನಗೆ ಮರೆತಿರಲ್ಲ, ಆದರೂ ಗಂಭೀರವಾಗಿ ವರದಿ ಒಪ್ಪಿಸುವ ಖುಷಿಗೆ ಹೇಳುತ್ತೇನೆ: ಮೂರು ಕಪ್ಪು ಗ್ಲಾಸು, ಬಣ್ಣ ಕಾಣಬಾರದು ಅಂತ. ಎರಡರಲ್ಲಿ ನಮ್ಮ ಮಾಮೂಲಿ ಲಾಗರ್, ಒಂದರಲ್ಲಿ ಹೊಸದು. ಸುರಿದವರು ತುಟಿ ಪಿಟಕ್ ಅನ್ನಬಾರದು. ಕುಡಿದವರು ಹೊಸದು ಯಾವುದು, ಹೇಗಿದೆ ಅಂತ ಚೀಟಿಯಲ್ಲಿ ಬರೆದು ಗ್ಲಾಸಿನ ಕೆಳಗಿಟ್ಟ ಮೇಲೇ ಬಾಯಿ ಬಿಡಬೇಕು. ಯಾಕಂದರೆ ಅಪ್ಪನ ಪ್ರಕಾರ, ಮೊದಲು ಮಾತಾಡಿದವರ ಮಾತೇ ಉಳಿದವರ ನಾಲಿಗೆಗೆ ರುಚಿಯಾಗಿಬಿಡುತ್ತೆ. ನೀನಿದ್ದಾಗ ನಿಮ್ಮಿಬ್ಬರ ಚೀಟಿ ಒಂದರ ಪಕ್ಕ ಒಂದಿಟ್ಟರೆ ಅಕ್ಷರ ಬೇರೆ, ಮಾತು ಒಂದೇ ಇರುತ್ತಿತ್ತು. ನನ್ನ ಚೀಟಿಯಲ್ಲಿ ಸದಾ ‘ಚೆನ್ನಾಗಿದೆ, ಇನ್ನೊಂದು ಗ್ಲಾಸು’. ಹಾಗಾಗಿ ನನಗೆ ಸುರಿಯುವ ಹುದ್ದೆಗೆ ಬಡ್ತಿಯಾಗಿದೆ. ಅವತ್ತು ಸುರಿಯುವಾಗ ಕೈಗೆ ಎಂದಿನ ಕೆರೆತ ಶುರುವಾಯಿತು ನೋಡು. ಮೂರಕ್ಕೂ ಮಾಮೂಲಿ ಲಾಗರನ್ನೇ ಸುರಿದೆ. ಯೋಜನೆ ಇಷ್ಟೇ: ಅಪ್ಪ ಮೊದಲನೆಯದನ್ನು ಮೂಸುತ್ತಾರೆ, ಎರಡನೆಯದನ್ನು, ಮೂರನೆಯದನ್ನು, ಹುಬ್ಬು ಗಂಟಿಕ್ಕುತ್ತಾರೆ, ‘ಲೇ ಕೋತಿ’ ಅಂತ ಗುಡುಗುತ್ತಾರೆ, ನಾನು ಬಾಟಲಿ ಕೋಣೆಗೆ ಓಡಿ ಅಗುಳಿ ಹಾಕಿಕೊಳ್ಳುತ್ತೇನೆ.

ಅಪ್ಪ ಮೂಸಿದರು. ಕಣ್ಣು ಮುಚ್ಚಿದರು. ಗ್ಲಾಸು ಆಡಿಸಿದರು, ಹೀರಿದರು, ಕಿಟಕಿಯ ಕಡೆ ನೋಡಿದರು, ಮತ್ತೆ ಎರಡನೇ ಗ್ಲಾಸಿಗೆ ವಾಪಸ್ ಬಂದರು. ತುಂಬಾ ಹೊತ್ತು ತಗೊಂಡರು. ನಾನು ನಗು ತಡೆಯೋಕೆ ಕೆನ್ನೆ ಕಚ್ಚಿಕೊಂಡು ಕಂಬದ ಹಾಗೆ ನಿಂತಿದ್ದೆ. ಚೀಟಿ ಬರೆದು ಇಟ್ಟರು. ತೆಗೆದು ಓದಿದೆ. ‘ಎರಡನೆಯದು. ಹೊಗೆ ಮುಂದೆ, ಟೀ ಹಿಂದೆ. ಚೆನ್ನಾಗಿ ಕೂತಿದೆ.’

ಅಕ್ಕಾ, ಆ ಗ್ಲಾಸಿನಲ್ಲಿ ಹೊಗೆಯೂ ಇರಲಿಲ್ಲ, ಟೀಯೂ ಇರಲಿಲ್ಲ. ಗಂಟಲವರೆಗೆ ಬಂದಿದ್ದ ನಗು ಅಲ್ಲೇ ಕೂತುಬಿಟ್ಟಿತು. ಅಪ್ಪ ‘ಏನೇ, ಸರಿನಾ?’ ಅಂದರು. ಉತ್ತರ ಗೊತ್ತಿಲ್ಲದೆ ಕೈ ಎತ್ತಿದ ಹುಡುಗ ಮೇಷ್ಟರ ಮುಖ ನೋಡುತ್ತಾನಲ್ಲ, ಹಾಗೆ ನೋಡಿದರು. ನಾನು ‘ಸರಿ ಅಪ್ಪಾ, ಎರಡನೆಯದೇ’ ಅಂದೆ. ಹುಟ್ಟಿದಾಗಿನಿಂದ ಎಷ್ಟೋ ಸುಳ್ಳು ಹೇಳಿದ್ದೀನಿ, ನಿನಗೇ ಗೊತ್ತು. ಇದೊಂದಕ್ಕೆ ಬೆವರು ಬಂತು.

ಅವತ್ತಿನಿಂದ ನಾನು ತನಿಖಾ ಆಯೋಗ ರಚಿಸಿಕೊಂಡಿದ್ದೇನೆ. ಅಧ್ಯಕ್ಷೆಯೂ ನಾನೇ, ಜವಾನಳೂ ನಾನೇ. ಅಪ್ಪನ ಟವೆಲ್ಲಿಗೆ ಅರ್ಧ ಬಾಟಲಿ ಸೆಂಟು ಸುರಿದೆ. ಸೆಂಟು ಹಾಕಿಕೊಂಡವರನ್ನು ಗೇಟಿನಿಂದಲೇ ಓಡಿಸುತ್ತಿದ್ದ ಮನುಷ್ಯ ಆರಾಮಾಗಿ ಮುಖ ಒರೆಸಿಕೊಂಡು, ಮದುವೆ ಗಂಡಿನ ಹಾಗೆ ಘಮಘಮ ಅನ್ನುತ್ತ ಟ್ಯಾಂಕು ನೋಡೋಕೆ ಹೋದರು. ಅಂಗಿ ಜೇಬಿಗೆ ಜಜ್ಜಿದ ಬೆಳ್ಳುಳ್ಳಿ ಹಾಕಿದೆ, ಸಂಜೆವರೆಗೆ ಹಾಕಿಕೊಂಡೇ ಓಡಾಡಿದರು. ಭಾನುವಾರದ್ದು ಮಾತ್ರ ನನ್ನ ಕೈಚಳಕವಲ್ಲ. ಅಮ್ಮ ಒಲೆ ಮೇಲೆ ಹಾಲಿಟ್ಟು ಬಟ್ಟೆ ಒಣಗಿಸೋಕೆ ಹೋಗಿದ್ದಳು. ಹಾಲು ಉಕ್ಕಿ, ಇಂಗಿ, ತಳ ಹತ್ತಿ, ಪಾತ್ರೆಯಿಂದ ನೀಲಿ ಹೊಗೆ. ಒಲೆಗೆ ಬೆನ್ನು ಹಾಕಿಕೊಂಡು ಮಾರು ದೂರದಲ್ಲಿ ಕೂತಿದ್ದ ಅಪ್ಪ ಪೇಪರಿನ ಪುಟ ತಿರುಗಿಸಿದರು. ಆಗ ನನಗೆ ಇನ್ನೊಂದೂ ನೆನಪಾಯಿತು. ಟ್ಯಾಂಕಿನಿಂದ ಟೀ ಚೀಲ ತೆಗೆದ ದಿನ ಅಪ್ಪ ಕೈಯಲ್ಲಿ ಅಲಾರಂ ಗಡಿಯಾರ ಹಿಡಿದುಕೊಂಡು ನಿಂತಿದ್ದರು. ಇಷ್ಟು ವರ್ಷ ಯಾವುದನ್ನು ಯಾವಾಗ ತೆಗೀಬೇಕು ಅಂತ ಮೂಸಿ ಹೇಳುತ್ತಿದ್ದವರು! ಜನವರಿಯಲ್ಲಿ, ನಿನ್ನ ಪೊಟ್ಟಣ ಬರೋಕೆ ಮುಂಚೆ, ಅಪ್ಪನಿಗೆ ಹತ್ತು ದಿನ ಜ್ವರ ಬಂದಿತ್ತು ಅಂತ ಬರೆದಿದ್ದೆನಲ್ಲ, ಜ್ವರ ಬಿಟ್ಟು ಹೋಗುವಾಗ ಮೂಗನ್ನೂ ಕರೆದುಕೊಂಡು ಹೋಗಿದೆ.

ಅಮ್ಮನಿಗೆ ಹೇಳಿದೆ. ಅಮ್ಮ ನನ್ನ ಮುಖ ನೋಡಿದಳು. ಆಮೇಲೆ ಸಕ್ಕರೆ ಡಬ್ಬ ತೆಗೆದು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಈ ಸಲ ಉಪ್ಪಲ್ಲ ಅಂತ ಖಾತ್ರಿ ಮಾಡಿಕೊಂಡಳು. ‘ನೋಡೇ, ಎಲ್ಲದರಲ್ಲೂ ಆಟ ಆಡು. ಅಪ್ಪನ ಮೂಗಿನ ತಂಟೆಗೆ ಮಾತ್ರ ಹೋಗಬೇಡ’ ಅಂದಳು. ಟ್ಯಾಂಕು ತೊಳೆಯುವ ನಮ್ಮ ಮೆಲ್ಲಗೆ ಮಾವನಿಗೆ ಹೇಳಿದೆ. (ಈಗಲೂ ಹಾಗೇ ಇದ್ದಾರೆ, ಸುರಿಯುವ ನಲ್ಲಿಗೂ ‘ಮೆಲ್ಲಗೆ, ಮೆಲ್ಲಗೆ’ ಅನ್ನುತ್ತಾರೆ.) ನಕ್ಕು ನಕ್ಕು ಕೆಳಗೆ ಕೂತರು. ‘ಹೋದ ವರ್ಷ ಮೂರನೇ ಟ್ಯಾಂಕಲ್ಲಿ ಆಮೆ ಇದೆ ಅಂತ ಇಡೀ ಮಧ್ಯಾಹ್ನ ನನ್ನನ್ನ ಬಗ್ಗಿಸಿದ್ದು ನೀನೇ ತಾನೆ? ಮೆಲ್ಲಗೆ ತಾಯಿ, ಈ ಸಲ ನಾನು ಸಿಗಲ್ಲ’ ಅಂದರು. ನಾನು ನಿಜ ಹೇಳಿದರೂ ನಂಬುವವರು ಒಬ್ಬರೂ ಉಳಿಯದ ಹಾಗೆ ಮಾಡಿಕೊಂಡಿದ್ದೀನಿ. ಅದರ ಕೀರ್ತಿ ಪೂರ್ತಿ ನನಗೇ ಸಲ್ಲಬೇಕು.

ಕೊನೆಗೆ ನಿನ್ನೆ ನಾನೇ ಒಬ್ಬಳೇ ಹೋಗಿ ದೊಡ್ಡೋಳನ್ನು ಕುಡಿದು ನೋಡಿದೆ. ನಗಬೇಡ. ಚೀಟಿ ಪೆನ್ನು ಇಟ್ಟುಕೊಂಡೇ ಕೂತಿದ್ದೆ. ಮೊದಲ ಗುಟುಕಿಗೆ ಒದ್ದೆ ಕಟ್ಟಿಗೆ ಹೊತ್ತಿಸಿದ ಹಾಗೆ ಹೊಗೆ ಬಂತು. ನುಂಗಿದ ಮೇಲೆ ಅದು ಹೋಗಿ ಒಂದು ಸಿಹಿ ಬಂತು, ಅದು ಬಾರ್ಲಿಯದೋ ನಿನ್ನ ಟೀಯದೋ ಗೊತ್ತಿಲ್ಲ. ಆಮೇಲೆ ನಾಲಿಗೆಯ ಎರಡೂ ಬದಿ ಎಳೆದು ಕಟ್ಟಿದ ಹಾಗೆ ಒಗರು. ಈ ಒಗರು ಇರಬೇಕಾದ್ದೋ, ಚೀಲ ಹೊತ್ತು ಮೀರಿ ತೆಗೆದದ್ದಕ್ಕೆ ಬಂದದ್ದೋ? ನಿಂಗೆ ಗೊತ್ತಾಗುತ್ತಿತ್ತು. ಅಪ್ಪನಿಗೆ ಗೊತ್ತಾಗುತ್ತಿತ್ತು. ಈ ಮನೆಯಲ್ಲಿ ಇದ್ದದ್ದೇ ಎರಡು ಮೂಗು; ಒಂದು ನಿನ್ನ ಜೊತೆ ಹೋಯಿತು, ಇನ್ನೊಂದು ಜ್ವರದ ಜೊತೆ. ಉಳಿದಿರೋದು ನನ್ನದು, ಇದನ್ನ ನಾನು ಬೇರೆಯವರ ವಿಷಯಕ್ಕೆ ತೂರಿಸೋಕೆ ಮಾತ್ರ ಬಳಸಿದ್ದೀನಿ. ಚೀಟಿಯಲ್ಲಿ ‘ಗೊತ್ತಿಲ್ಲ’ ಅಂತ ಬರೆದು ನಾನೇ ಓದಿಕೊಂಡೆ.

ಈ ಶುಕ್ರವಾರ ನಮ್ಮ ಬಿಯರು ಕೊಳ್ಳುವ ಹೋಟೆಲಿನ ಯಜಮಾನರು ಬರುತ್ತಾರೆ. ದೊಡ್ಡೋಳು ಅವರ ಹೋಟೆಲಿಗೆ ಹೋಗಬೇಕೋ ಚರಂಡಿಗೆ ಹೋಗಬೇಕೋ ಅವತ್ತೇ ತೀರ್ಮಾನ. ಅವರಿಗೂ ನಮ್ಮ ಮೂರು ಗ್ಲಾಸಿನ ಹುಚ್ಚು ಹತ್ತಿದೆ. ಈ ಸಲ ತಮ್ಮ ಅಡುಗೆಯವರನ್ನೂ ಬಡಿಸುವವರನ್ನೂ ಕರೆತಂದು, ತಾವೇ ಸುರಿದು, ಅಪ್ಪ ಗುರುತು ಹಿಡಿಯೋದನ್ನ ಅವರಿಗೆ ತೋರಿಸಬೇಕಂತೆ. ‘ನಿಮ್ಮ ಯಜಮಾನರದ್ದು ಮೂಗಲ್ಲಮ್ಮಾ, ಯಂತ್ರ’ ಅಂತ ಅಮ್ಮನ ಹತ್ತಿರ ಹೇಳಿ ಹೋಗಿದ್ದಾರೆ. ಅಮ್ಮ ಹೆಮ್ಮೆಯಿಂದ ಎರಡು ದಿನ ಮೊಣಕಾಲು ನೋವೇ ಮರೆತಿದ್ದಳು. ಅಪ್ಪ ಬೆಳಗ್ಗೆಯಿಂದ ಆ ಮೂರು ಗ್ಲಾಸುಗಳನ್ನು ಒರೆಸಿ ಒರೆಸಿ ಇಡುತ್ತಿದ್ದಾರೆ. ನಾನು ಏನೇನೋ ಯೋಚಿಸಿದೆ. ಗ್ಲಾಸುಗಳನ್ನು ಒಡೆದು ಹಾಕಲಾ? ಹೊಸವು ತರುತ್ತಾರೆ. ಕಾಲು ಮುರಿದುಕೊಂಡ ನಾಟಕ ಆಡಲಾ? ಹೋದ ಸಲ ಪ್ಲಾಸ್ಟರು ನೋಡಿಯೂ ಯಾರೂ ನಂಬಲಿಲ್ಲ. ಗ್ಲಾಸಿನ ತಳಕ್ಕೆ ಗುರುತು ಹಾಕಿ ಅಪ್ಪನಿಗೆ ಹೇಳಲಾ? ಹೇಳಬೇಕಾದರೆ ನನಗೆ ಗೊತ್ತು ಅಂತ ಹೇಳಬೇಕು. ಆ ಮಾತು ಹೇಗೆ ಶುರು ಮಾಡೋದು ಅಂತಲೇ ತಿಳಿಯುತ್ತಿಲ್ಲ. ಎರಡು ಸಲ ಅಪ್ಪನ ಹತ್ತಿರ ಹೋಗಿ ‘ಅಪ್ಪಾ’ ಅಂದೆ. ಎರಡು ಸಲವೂ ‘ಲೇಬಲ್ ಖಾಲಿಯಾಗಿದೆ’ ಅಂತ ಹೇಳಿ ಬಂದೆ. ಲೇಬಲ್ ನಾಲ್ಕು ಸಾವಿರ ಇದೆ.

ನೀನು ಹಿರಿಯಳು, ಏನಾದರೂ ಹೇಳು. ಇದು ಆಟ ಅಲ್ಲ ಕಣೇ. ನನ್ನ ಮೇಲೆ ಆಣೆ ಇಟ್ಟು ಹೇಳೋಣ ಅಂದರೆ, ಅದನ್ನೂ ಹಿಂದೆ ಆರು ಸಲ ಇಟ್ಟಿದ್ದೀನಿ. ಆರೋಗ್ಯ ನೋಡಿಕೋ, ಬಿಸಿನೀರು ಕುಡಿ. ಅಮ್ಮ ನಿನಗೆ ಆಶೀರ್ವಾದ ಹೇಳಿದ್ದಾಳೆ, ಬೆಕ್ಕು ಬಾಲ ಆಡಿಸಿದೆ. ಅಪ್ಪ ಏನೂ ಹೇಳಿಲ್ಲ, ಆದರೆ ಟ್ಯಾಂಕಿನ ಮೇಲಿನ ಸೀಮೆಸುಣ್ಣ ಅಳಿಸಿಹೋದಾಗಲೆಲ್ಲ ತಾವೇ ಮತ್ತೆ ತಿದ್ದುತ್ತಾರೆ.

ಇಂತಿ ನಿನ್ನ ವಿಧೇಯಳಲ್ಲದ ತಂಗಿ,
ಬಾಟಲಿ ಖಾತೆಯ ಮಂತ್ರಿಣಿ, ತನಿಖಾ ಆಯೋಗದ ಅಧ್ಯಕ್ಷೆ,
ಚಿಕ್ಕೋಳು

ತಾ.ಕ.: ಕೊರಿಯರಿನವನು ಗೇಟಲ್ಲಿ ನಿಂತು ಹಾರ್ನ್ ಹೊಡೀತಿದ್ದಾನೆ, ಅವಸರದಲ್ಲಿ ಬರೀತಿದ್ದೀನಿ. ಲಕೋಟೆ ಅಂಟಿಸುವಾಗ ಅಪ್ಪ ಬಂದರು. ‘ದೊಡ್ಡೋಳಿಗಾ?’ ಅಂದರು. ಹೂಂ ಅಂದೆ. ತೊಳೆದ ಬಾಟಲಿ ಒಂದನ್ನ ಎತ್ತಿಕೊಂಡು ಸುಮ್ಮನೆ ತಿರುಗಿಸಿದರು. ‘ಅವತ್ತು ಮೂರೂ ಒಂದೇ ತಾನೆ?’ ಅಂದರು. ನಾನು ಲಕೋಟೆ ಕೆಳಗಿಟ್ಟೆ. ‘ಚೀಟಿ ಓದಿ ನೀನು ನಗಲಿಲ್ಲ. ಆಗಲೇ ಗೊತ್ತಾಯ್ತು’ ಅಂದರು. ಶುಕ್ರವಾರ ಏನು ಮಾಡೋದಪ್ಪಾ ಅಂದೆ. ‘ಬರಲಿ. ಗೊತ್ತಾಗ್ತಿಲ್ಲ ಅಂತ ಎಲ್ಲರೆದುರೂ ಹೇಳ್ತೀನಿ, ಇನ್ನೇನು ಮಾಡೋಕಾಗುತ್ತೆ’ ಅಂದರು. ಹೊರಟವರು ಬಾಗಿಲಲ್ಲಿ ನಿಂತರು. ‘ಆ ಪೊಟ್ಟಣ ಬಂದ ದಿನ ಕೋಣೆ ಬಾಗಿಲು ಹಾಕ್ಕೊಂಡು ಮುಖ ಪೂರ್ತಿ ಅದರೊಳಗೆ ಇಟ್ಟೆ ಕಣೇ. ಏನೂ ಬರಲಿಲ್ಲ. ಎರಡು ವರ್ಷ ಆದ ಮೇಲೆ ಕಳಿಸಿದಾಳೆ, ಏನು ಕಳಿಸಿದಾಳೆ ಅಂತಲೇ ನನಗೆ ಗೊತ್ತಿಲ್ಲ. ಕೇಳು ಅವಳನ್ನ. ನಾನು ಕೇಳಿದೆ ಅನ್ನಬೇಡ’ ಅಂದರು. ಇಗೋ, ಅಂದುಬಿಟ್ಟೆ. ಅಕ್ಕಾ, ಆ ಟೀ ಹೇಗಿರುತ್ತೆ ಅಂತ ಬರಿ. ನನಗೆ ಬೇಡ, ಅಪ್ಪನಿಗೇ ಬರಿ, ಅವರ ಹೆಸರಿಗೇ ಕಳಿಸು, ಎಷ್ಟು ಪುಟ ಆದರೂ ಸರಿ. ಪೊಟ್ಟಣ ಬಿಚ್ಚಿದ ಕೂಡಲೇ ಮೊದಲು ಏನು ಬರುತ್ತೋ ಅಲ್ಲಿಂದ ಶುರು ಮಾಡು.