ಕೂದಲಿಗಾಗಿ ತಪ್ಪಿಸಿದ ನಡಿಗೆ

ಏಪ್ರಿಲ್ 12, ಶನಿವಾರ. ಮೆಂಫಿಸ್, ಅಮೆರಿಕ.

ಬಿ.ಪಿ. ಮತ್ತೆ ನೂರ ಐವತ್ತೆಂಟು. ದಿನವೂ ನಡೆಯಬೇಕೆಂದು ಡಾಕ್ಟರಮ್ಮ ಹೇಳಿ ಎರಡು ವರ್ಷವಾಯಿತು. ನಡೆಯದಿದ್ದುದಕ್ಕೆ ಕಾರಣ ಸೋಮಾರಿತನವಲ್ಲ, ಕೂದಲು. ನಮ್ಮ ಕಪ್ಪು ಜನರ ಕೂದಲು ಹುಟ್ಟಿನಿಂದಲೇ ಗುಂಗುರು; ಬೆವರಿದರೆ ಕಾದ ಬಾಚಣಿಗೆಯಿಂದ ನೇರ ಮಾಡಿಸಿದ್ದೆಲ್ಲ ಮತ್ತೆ ಗುಂಗುರಾಗಿ ಉಬ್ಬಿಬಿಡುತ್ತದೆ. ಡಾಕ್ಟರಮ್ಮನಿಗೆ ಇದನ್ನು ಹೇಳಲು ನಾಚಿಕೆ.

ಇವತ್ತು ನಡೆದೇಬಿಟ್ಟೆ. ನದಿಯ ದಂಡೆಯಲ್ಲಿ ಮೂರು ಮೈಲಿ. ಕಾಲು ನೋಯುತ್ತಿದೆ, ಆದರೆ ಇಷ್ಟು ಹಗುರವಾಗಿ ಉಸಿರಾಡಿ ಎಷ್ಟು ದಿನವಾಗಿತ್ತೋ.

ಮನೆಗೆ ಬಂದರೆ ಅರ್ನೆಸ್ಟೀನ್ ದೊಡ್ಡಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ನಿನ್ನೆ ಮೂರು ಗಂಟೆ ಕೂತು ನೆಟ್ಟಗೆ ಮಾಡಿದ್ದೆ ಕಣೇ. ನಾಳೆ ಚರ್ಚಿಗೆ ಈ ಪೊದೆ ಹೊತ್ಕೊಂಡು ಬರ್ತೀಯಾ?"

"ಬರ್ತೀನಿ. ಅಮ್ಮಂಗೂ ಇದೇ ಬಿ.ಪಿ. ಇತ್ತು, ದೊಡ್ಡಮ್ಮ. ಐವತ್ತೊಂದಕ್ಕೇ ಹೋದ್ಲು. ಶವಪೆಟ್ಟಿಗೇಲಿ ಮಲಗ್ಸಿದಾಗ್ಲೂ ಒಂದೆಳೆ ಕೂದಲು ಕೆದರಿರ್ಲಿಲ್ಲ."

ಆ ಕೂದಲನ್ನು ಅವತ್ತು ಬಾಚಿದ್ದು ದೊಡ್ಡಮ್ಮನೇ. ಸೊಂಟದ ಮೇಲಿನ ಕೈ ಇಳಿಸಿದಳು. ಆಮೇಲೆ ನನ್ನನ್ನು ಕಾಲ ಬಳಿ ಕೂರಿಸಿಕೊಂಡು, ಎಷ್ಟು ಬೆವರಿದರೂ ಕೆಡದ ಹಾಗೆ ತಲೆಗಂಟಿದ ಸಣ್ಣ ಸಣ್ಣ ಜಡೆ ಹೆಣೆದಳು. ಮಲಗಿದಾಗ ಜಡೆ ಕೆದರದಿರಲೆಂದು ತಲೆಗೆ ನುಣುಪಾದ ಸ್ಯಾಟಿನ್ ಬಟ್ಟೆ ಕಟ್ಟಿಕೊಂಡಿದ್ದೇನೆ, ನೆತ್ತಿ ಇನ್ನೂ ಚುರುಗುಟ್ಟುತ್ತಿದೆ.

ಹೆಣೆದು ಮುಗಿಸಿ, ಬಾಚಣಿಗೆಯನ್ನು ನನ್ನ ಕೈಗಿಟ್ಟು, ಎಪ್ಪತ್ತು ದಾಟಿದ ಆ ಹೆಂಗಸು ನನಗೆ ಬೆನ್ನು ಮಾಡಿ ಕೂತಳು.

"ನಂಗೂ ಹಾಕು. ಸೋಮವಾರ ನಡೆಯೋಕೆ ಎಷ್ಟು ಗಂಟೆಗೆ ಹೊರಡ್ತೀಯ?"