ಓಡಾಟವಲ್ಲ, ಓಟ

ಏಪ್ರಿಲ್ 9, ಬೆಳಗ್ಗೆ 6.40
ಇವತ್ತು ಮೈದಾನಕ್ಕೆ ಐದು ಸುತ್ತು ಓಡಿದೆ. ಮೊಣಕಾಲು ಬೈಯುತ್ತಿದೆ. ಎಂಟು ಗಂಟೆ ಟಿಕೆಟ್ ಕೌಂಟರಿನಲ್ಲಿ ಬೇರು ಬಿಟ್ಟು ಕೂರುವವಳಿಗೆ ಡಾಕ್ಟರಮ್ಮ ಹೇಳಿದ್ದು ಇಷ್ಟೇ — ಮಗು ಬೇಕಾದರೆ ಮೊದಲು ಮೈ ಬಗ್ಗಿಸಿ. ಅತ್ತೆ ಗೇಟಿನಲ್ಲೇ ಕಾದಿದ್ದರು. "ತಾಯಿ ಆಗೋಳು ಹೀಗೆ ಕುದುರೆ ಥರ ಓಡ್ತಾಳೇನೇ? ಗರ್ಭ ನಿಲ್ಲುತ್ತಾ?" ನಕ್ಕು ಒಳಗೆ ಬಂದೆ. ಸ್ನಾನ, ಟಿಫನ್, ಬಸ್.

ಜೂನ್ 14
ಎರಡು ಗೆರೆ! ಇವರಿಗೆ ತೋರಿಸಿದೆ. ಕಣ್ಣು ಒರೆಸಿಕೊಂಡರು. ಇನ್ನು ಓಟ ಬಂದ್, ಬರೀ ವಾಕಿಂಗ್...

ಜನವರಿ 5
ಆರು ವಾರ ಮೊದಲೇ. ಬಿಪಿ ಏರಿತು, ನಿನ್ನೆ ಆಪರೇಷನ್ ಮಾಡಿ ತೆಗೆದರು. ಹೆಣ್ಣು. ಒಂದು ಕೆಜಿ ಏಳುನೂರು. ಗಾಜಿನ ಪೆಟ್ಟಿಗೆಯಲ್ಲಿದ್ದಾಳೆ, ಮೂಗಿಗೆ ನಳಿಕೆ. ಉಸಿರಾಡುವುದೇ ಅವಳಿಗೆ ದೊಡ್ಡ ಕೆಲಸ. ಉಳಿಯುತ್ತಾಳಾ ಎಂದು ಕೇಳುವ ಧೈರ್ಯ ನನಗಿಲ್ಲ.

ಮಕ್ಕಳ ಡಾಕ್ಟರು ಬಂದು ಗರ್ಭಿಣಿಯಾಗುವ ಮುಂಚಿನದನ್ನೆಲ್ಲ ವಿಚಾರಿಸಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ — "ಇವಳಿಗೆ ಓಡಾಟ ಜಾಸ್ತಿ ಡಾಕ್ಟ್ರೇ." ಅವರು 'ಪ್ರಯಾಣ ಹೆಚ್ಚು' ಎಂದು ಬರೆದುಕೊಂಡರು. ನಾನು ತಿದ್ದಲಿಲ್ಲ. ತಿದ್ದಿದರೆ, "ನಿಮ್ಮಿಂದಲೇ ಆಯ್ತು" ಅಂದುಬಿಟ್ಟರೆ? ಹೇಡಿ ನಾನು.

ಜನವರಿ 8, ಮಧ್ಯಾಹ್ನ
ತಡೆಯಲಾಗಲಿಲ್ಲ. ಡಾಕ್ಟರು ರೌಂಡ್ಸಿಗೆ ಬಂದಾಗ ಹೇಳಿಯೇಬಿಟ್ಟೆ. "ಓಡಾಟ ಅಲ್ಲ ಸರ್, ಓಟ. ಬಸುರಿ ಆಗೋ ಮುಂಚೆ ದಿನಾ ಓಡ್ತಿದ್ದೆ. ಅದಕ್ಕೇ ಹೀಗಾಯ್ತಾ?"

ಪ್ರಯಾಣ ಎಂಬುದನ್ನು ಹೊಡೆದುಹಾಕಿದರು. "ಓಡಿದ್ದು ಒಳ್ಳೇದೇ ಆಯ್ತಮ್ಮ. ಅದ್ರಿಂದ ಆಗಿದ್ದಲ್ಲ ಇದು. ಬಿಪಿ ಯಾರಿಗೆ ಏರುತ್ತೆ ಅಂತ ಮೊದ್ಲೇ ಹೇಳೋಕಾಗಲ್ಲ."

"ಹಾಗಾದ್ರೆ ತಪ್ಪು ಯಾರದು?" ಅತ್ತೆ ಕೇಳಿದರು.

"ಯಾರದೂ ಅಲ್ಲ."

ಅತ್ತೆ ಬೆಂಚಿನ ಮೇಲೆ ಕುಸಿದು ಕೂತರು. ನನ್ನನ್ನು ಪಕ್ಕಕ್ಕೆ ಕರೆದರು — "ನನ್ನ ಮೊದಲ್ನೇದು ಎಂಟನೇ ದಿನಕ್ಕೆ ಹೋಯ್ತು ಕಣೇ. ಒಂಬತ್ತು ತಿಂಗಳೂ ಹಾಸಿಗೆ ಬಿಟ್ಟು ಎದ್ದಿರಲಿಲ್ಲ ನಾನು. ಆದ್ರೂ ನಮ್ಮತ್ತೆ, ನಿಂದೇ ತಪ್ಪು ಅಂದ್ರು. ನಲವತ್ತು ವರ್ಷ ನಂಬಿದ್ದೆ."

ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಸಿಟ್ಟೆಲ್ಲ ಎಲ್ಲಿ ಹೋಯಿತೋ. ಅವರ ಕೈ ಹಿಡಿದು ಕೂತೆ.

ಜನವರಿ 13, ಬೆಳಗ್ಗೆ 11
ಒಂಬತ್ತು ದಿನ ತುಂಬಿತು. ನಳಿಕೆ ತೆಗೆದಿದ್ದಾರೆ, ತಾನೇ ಉಸಿರಾಡುತ್ತಿದ್ದಾಳೆ. ಅತ್ತೆ ಮೂರು ಸಲ ಕೈ ತೊಳೆದುಕೊಂಡು ಬಂದರು. "ಮುಟ್ಲಾ?" — ಕೇಳಿದ್ದು ನರ್ಸನ್ನಲ್ಲ, ನನ್ನನ್ನು. ಹೂಂ ಎಂದೆ. ಪೆಟ್ಟಿಗೆಯ ಕಿಂಡಿಯಲ್ಲಿ ಒಂದು ಬೆರಳು ತೂರಿಸಿ ನಿಂತಿದ್ದಾರೆ. ಸ್ಟೂಲ್ ಮೇಲೆ ಕೂತು ಬರೆಯುತ್ತಿದ್ದೇನೆ. ಅಳುತ್ತಿದ್ದಾರೋ ನಗುತ್ತಿದ್ದಾರೋ, ಬೆನ್ನು ನೋಡಿದರೆ ಗೊತ್ತಾಗುವುದಿಲ್ಲ. ಕರೆಯುತ್ತಿದ್ದಾರೆ — "ಏ, ಬಾರೇ! ಹಿಡ್ಕೊಂಡ್ಳು ಕಣೇ, ಬಿಡ್ತಾನೇ ಇಲ್ಲ..." ಹೋಗಿ ನೋಡುತ್ತೇನೆ.